ತಿರುವೇ ಇಲ್ಲದ ಘಾಟಿ

ಆಫೀಸಿನ ಗೆಳೆಯನ ಮದುವೆಗೆ ಅಂತ ಬೆಂಗಳೂರಿನಿಂದ ಪಾಲಕ್ಕಾಡಿಗೆ ರಾತ್ರಿ ಬಸ್ಸು ಹತ್ತಿದಾಗ ನನ್ನ ಬ್ಯಾಗಿನಲ್ಲಿ ಎರಡು ನಿಂಬೆಹಣ್ಣು, ಒಂದು ವಾಂತಿ ಮಾತ್ರೆ ಮತ್ತು ನಾಲ್ಕು ಪ್ಲಾಸ್ಟಿಕ್ ಕವರ್ ಇದ್ದವು. ಕೇರಳಕ್ಕೆ ಹೋಗೋದು ಅಂದ್ರೆ ಪಶ್ಚಿಮ ಘಟ್ಟ ಇಳಿಯಬೇಕು. ಘಟ್ಟ ಇಳಿಯೋದು ಅಂದ್ರೆ ತಿರುವು, ಮಂಜು, ಹೊಟ್ಟೆ ತೊಳೆಸೋದು. ಈ ಲೆಕ್ಕ ನನಗೆ ಯಾರೂ ಕಲಿಸಿದ್ದಲ್ಲ. ನನ್ನೂರು ಹೊಸನಗರ ತಾಲ್ಲೂಕಿನ ನಗರದ ಪಕ್ಕದ ಹಳ್ಳಿ. ಅಲ್ಲಿಂದ ಹುಲಿಕಲ್ ಘಾಟಿ ಇಳಿದರೆ ಹೊಸಂಗಡಿ, ಸಿದ್ದಾಪುರ, ಆಮೇಲೆ ಕುಂದಾಪುರ. ಚಿಕ್ಕಂದಿನಲ್ಲಿ ಆ ಬಸ್ಸಿನ ಕಿಟಕಿ ಪಕ್ಕದ ಸೀಟು ನನಗೇ ಬಿಡ್ತಿದ್ದರು. ಪ್ರೀತಿಯಿಂದಲ್ಲ, ಭಯದಿಂದ!

ಬೆಳಗಿನ ಜಾವ ಕೊಯಮತ್ತೂರು ದಾಟಿತು. ನಾನು ನಿಂಬೆಹಣ್ಣು ಕೈಯಲ್ಲಿ ಹಿಡಿದು ಕೂತೆ. ರಸ್ತೆ ಗೆರೆ ಎಳೆದ ಹಾಗೆ ನೆಟ್ಟಗೆ ಹೋಗ್ತಾನೇ ಇತ್ತು. ವಾಳಯಾರ್ ಅಂತ ಬೋರ್ಡು ಬಂತು, ಒಂದಿಷ್ಟು ಕಾಡು ಬಂತು, ಬೋರ್ಡುಗಳ ಅಕ್ಷರ ಗುಂಡಗಾದವು. ಪಕ್ಕದವರನ್ನು ಕೇಳಿದೆ: "ಘಾಟ್ ಎಪ್ಪೊ ವರುಂ?" ಅವರು ನನ್ನ ಕೈಯಲ್ಲಿದ್ದ ನಿಂಬೆಹಣ್ಣನ್ನೂ ಮುಖವನ್ನೂ ನೋಡಿ ನಕ್ಕರು. ಘಾಟಿ ಮುಗಿದೇ ಹೋಗಿತ್ತು. ಒಂದು ತಿರುವೂ ಇಲ್ಲದೆ ನಾನು ಪಶ್ಚಿಮ ಘಟ್ಟ ದಾಟಿದ್ದೆ.

ಮದುವೆ ಮುಗಿದ ಮೇಲೆ ಎರಡು ದಿನ ಅಲ್ಲೇ ಉಳಿದೆ. ಈ ಬರಹ ಆ ಎರಡು ದಿನದ್ದು, ಮತ್ತು ಅದಾದ ಮೇಲೆ ತಿಂಗಳುಗಟ್ಟಲೆ ತಲೆಯಲ್ಲಿ ಕೊರೆದಿದ್ದರದ್ದು.

ತಾಪಿ ನದಿಯಿಂದ ಕನ್ಯಾಕುಮಾರಿ ತನಕ ಸುಮಾರು 1600 ಕಿಲೋಮೀಟರ್ ಉದ್ದಕ್ಕೆ ಗೋಡೆಯ ಹಾಗೆ ನಿಂತಿರೋ ಪಶ್ಚಿಮ ಘಟ್ಟದಲ್ಲಿ ನಿಜವಾದ ಕಂಡಿ ಅಂತ ಇರೋದು ಇದೊಂದೇ. ನಮ್ಮೂರ ಕಡೆ ಬೇಲಿಗೆ ಉಣುಗೋಲು ಇಟ್ಟಿರ್ತಾರಲ್ಲ, ಎರಡು ಗೂಟ, ನಡುವೆ ಜಾರಿಸೋ ಗಳು? ಹಾಗೆ ಅಂದುಕೊಳ್ಳಿ. ಉತ್ತರದ ಗೂಟ ನೀಲಗಿರಿ. ಅಲ್ಲಿ 2637 ಮೀಟರ್ ಎತ್ತರದ ದೊಡ್ಡಬೆಟ್ಟ ಇದೆ, ಹೆಸರು ಕೇಳಿದರೇ ನಮ್ಮದು ಅನ್ನಿಸುತ್ತೆ. ದಕ್ಷಿಣದ ಗೂಟ ಆನೈಮಲೈ, ಅಲ್ಲಿ 2695 ಮೀಟರಿನ ಆನೆಮುಡಿ. ಈ ಎರಡರ ನಡುವೆ ಸುಮಾರು 30 ಕಿಲೋಮೀಟರ್ ಅಗಲಕ್ಕೆ ನೆಲ ಕುಸಿದ ಹಾಗೆ ಇಳಿದುಬಿಟ್ಟಿದೆ, ಬಹುಪಾಲು 300 ಮೀಟರಿಗಿಂತ ಕಡಿಮೆ ಎತ್ತರ. ಕೊಯಮತ್ತೂರಿನಿಂದ ಪಾಲಕ್ಕಾಡಿಗೆ ಐವತ್ತು ಕಿಲೋಮೀಟರ್ ದೂರದಲ್ಲಿ ರಸ್ತೆ ಇಳಿಯೋದು ಮುನ್ನೂರು ಚಿಲ್ಲರೆ ಮೀಟರ್ ಅಷ್ಟೇ. ಹಾಗಾಗಿ ಇಳಿದಿದ್ದೇ ಗೊತ್ತಾಗಲ್ಲ.

ಈ ಕಂಡಿಯ ಬಾಯಲ್ಲಿ ಕೂತಿರೋ ಊರು ಪಾಲಕ್ಕಾಡ್. 2011ರ ಜನಗಣತಿಯಲ್ಲಿ ನಗರಸಭೆಯ ಜನಸಂಖ್ಯೆ ಸುಮಾರು 1.3 ಲಕ್ಷ. ಬೆಂಗಳೂರಿನ ಒಂದೆರಡು ಬಡಾವಣೆ ಸೇರಿಸಿದರೆ ಅಷ್ಟಾಗುತ್ತೆ. ಊರ ಹೆಸರಿಗೆ ಹೇಳೋ ಒಂದು ಅರ್ಥ ಪಾಲ ಮರದ ಕಾಡು. ಮಲಯಾಳದ ಪಾಲ, ತುಳುವರ ಪಾಲೆ, ನಮ್ಮ ಹಾಲೆ. ಪಾಲು ಹಾಲಾದ ಹಾಗೆ, ಪುಲಿ ಹುಲಿಯಾದ ಹಾಗೆ. ನಮ್ಮಲ್ಲಿದ್ದಿದ್ದರೆ ಈ ಊರಿಗೆ ಹಾಲೆಕಾಡು ಅಂತಿದ್ದರೇನೋ. ನಮ್ಮ ಹುಲಿಕಲ್ ಅಲ್ಲಿದ್ದಿದ್ದರೆ ಪುಲಿಕ್ಕಲ್ ಆಗಿರ್ತಿತ್ತು.

ಮರ ಈಗ ಅಷ್ಟಾಗಿ ಕಾಣಲ್ಲ. ಕಾಣೋದು ತಾಳೆಮರ, ಗದ್ದೆ ಬದುಗಳ ಮೇಲೆ ಸಾಲುಸಾಲು. ಮತ್ತೆ ಗಾಳಿ. ಜೂನ್, ಜುಲೈನಲ್ಲಿ ಅರಬ್ಬಿ ಸಮುದ್ರದ ಗಾಳಿ ಬೇರೆಲ್ಲೂ ದಾರಿ ಸಿಗದೆ ಈ ಕಂಡಿಯಲ್ಲಿ ನುಗ್ಗಿ ತಮಿಳುನಾಡಿನ ಕಡೆ ಬೀಸುತ್ತೆ. ಉಡುಮಲೈಪೇಟೆ ಕಡೆಯ ಗಾಳಿಯಂತ್ರಗಳು ತಿರುಗೋದು ಅದರಿಂದ. ಡಿಸೆಂಬರ್ ಬಂತೆಂದರೆ ಗಾಳಿ ಉಲ್ಟಾ. ಪೂರ್ವದ ಒಣಗಾಳಿ ಇತ್ತ ನುಗ್ಗುತ್ತೆ. ಕೇರಳದ ಬೇರೆ ಊರುಗಳು ಬೆವರುವ ಹೊತ್ತಿಗೆ ಪಾಲಕ್ಕಾಡ್ ಒಣಗುತ್ತೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟೋದು ಅಲ್ಲಿ ಸುದ್ದಿಯೇ ಅಲ್ಲ. ಒ.ವಿ. ವಿಜಯನ್ ಅವರ ಪ್ರಸಿದ್ಧ ಕಾದಂಬರಿ 'ಖಸಾಕ್ಕಿಂಟೆ ಇತಿಹಾಸಂ' ಹುಟ್ಟಿದ್ದು ಈ ಊರಿನ ಪಕ್ಕದ ತಸ್ರಾಕ್ ಎಂಬ ಹಳ್ಳಿಯ ನೆನಪಿನಲ್ಲಿ. ಆ ತಾಳೆಮರಗಳ ಸದ್ದು ಕೇಳಿದ ಮೇಲೆ ಯಾಕೆ ಅಂತ ಅರ್ಥವಾಯ್ತು.

ಗಾಳಿ ಬಂದ ದಾರಿಯಲ್ಲೇ ಜನ ಬಂದರು. ಪಶ್ಚಿಮದ ಮುಚಿರಿ ಬಂದರಿಗೆ ರೋಮಿನ ಹಡಗು ಬರುತ್ತಿದ್ದ ಕಾಲದ ನಾಣ್ಯಗಳು ಕಂಡಿಯ ಪೂರ್ವಕ್ಕೆ, ಕೊಯಮತ್ತೂರಿನ ಪಕ್ಕದ ವೆಳ್ಳಲೂರಿನಲ್ಲಿ ಸಿಕ್ಕಿವೆ. ಕಂಡಿಯೇ ಆ ವ್ಯಾಪಾರದ ಹೆದ್ದಾರಿ ಅಂತ ಇತಿಹಾಸಕಾರರು ನಂಬೋದಕ್ಕೆ ಇದೂ ಒಂದು ಕಾರಣ. ಆಮೇಲೆ ಕಾವೇರಿ ಬಯಲಿನಿಂದ ತಮಿಳು ಬ್ರಾಹ್ಮಣರು ಬಂದು ಅಗ್ರಹಾರಗಳನ್ನು ಕಟ್ಟಿಕೊಂಡರು. ಕಲ್ಪಾತ್ತಿ ಹೊಳೆ ದಂಡೆಯ ವಿಶ್ವನಾಥ ದೇವಸ್ಥಾನ 1425ರ ಸುಮಾರಿನದು ಅಂತಾರೆ. ಅಲ್ಲಿನ ಬೀದಿಯಲ್ಲಿ ಸಂಜೆ ನಡೆದರೆ ಎರಡೂ ಕಡೆ ಗೋಡೆಗೆ ಗೋಡೆ ಅಂಟಿದ ಮನೆ, ಬಾಗಿಲಲ್ಲಿ ಅಕ್ಕಿಹಿಟ್ಟಿನ ಕೋಲ, ಒಳಗಿನಿಂದ ತಮಿಳೋ ಮಲಯಾಳವೋ ಅಂತ ಹೇಳಲಾಗದ ಒಂದು ಮಾತು. ಮೃದಂಗದ ಪಾಲಕ್ಕಾಡ್ ಮಣಿ ಅಯ್ಯರ್ ಬಂದಿದ್ದು ಈ ವಲಸೆ ಬಂದವರ ಮನೆಗಳಿಂದಲೇ. ಊರಿನ ಜೈನಿಮೇಡು ಅನ್ನೋ ಕಡೆ ಚಂದ್ರಪ್ರಭ ತೀರ್ಥಂಕರರ ಬಸದಿಯಿದೆ. ಭಾರತಪ್ಪುಳ ಹೊಳೆ ಗುಂಟ ಇನ್ನೂ ಕೆಳಗೆ ಹೋದರೆ, ತ್ರಿಶೂರ್ ಜಿಲ್ಲೆಯ ಕುತ್ತಾಂಪುಳ್ಳಿಯಲ್ಲಿ, ನೇಯ್ಗೆಯ ದೇವಾಂಗದವರು ಇದ್ದಾರೆ. ಹಿರಿಯರು ಕರ್ನಾಟಕದಿಂದ ಬಂದವರು ಅನ್ನೋದು ಅವರ ನೆನಪು, ಮನೆಯೊಳಗೆ ಇವತ್ತಿಗೂ ಒಂದು ಬಗೆಯ ಕನ್ನಡ.

ಇಷ್ಟರವರೆಗೆ ನಾನು ಪ್ರವಾಸಿ. ಎರಡನೇ ದಿನ ಕೋಟೆ ನೋಡಲು ಹೋದ ಮೇಲೆ ಕಥೆ ನನ್ನದೂ ಆಯ್ತು.

ಆಟೋದವರಿಗೆ "ಫೋರ್ಟ್" ಅಂದೆ. "ಟಿಪ್ಪು ಕೋಟ್ಟಯಾ?" ಅಂದರು. ಊರಲ್ಲಿ ಎಲ್ಲರೂ ಹಾಗೇ ಕರೆಯೋದು. ಆದರೆ ಕಟ್ಟಿಸಿದ್ದು ಹೈದರ್ ಅಲಿ, 1766ರಲ್ಲಿ. ಅಪ್ಪ ಕಟ್ಟಿಸಿದ ಮನೆಗೆ ಮಗನ ಹೆಸರು! ಕಪ್ಪು ಕಲ್ಲಿನ ದಪ್ಪ ಗೋಡೆ, ಮೂಲೆಗಳಲ್ಲಿ ದುಂಡನೆ ಕೊತ್ತಲ, ಸುತ್ತ ನೀರು ತುಂಬಿದ ಕಂದಕ, ಒಳಗೊಬ್ಬ ಆಂಜನೇಯ. ನಾನು ಕಂದಕದ ಅಂಚಿನಲ್ಲಿ ನಿಂತಾಗ ಅನ್ನಿಸಿದ್ದು: ಈ ಮನುಷ್ಯ ನನ್ನ ಬೆನ್ನು ಬಿಡೋದಿಲ್ಲ. ಯಾಕಂದ್ರೆ ನಾನು ಆಡಿ ಬೆಳೆದದ್ದು ಇದೇ ಹೈದರ್ ಗೆದ್ದ ಇನ್ನೊಂದು ಕೋಟೆಯಲ್ಲಿ.

ನಗರ ಅಂದ್ರೆ ಬಿದನೂರು. ಕೆಳದಿ ನಾಯಕರ ಕೊನೆಯ ರಾಜಧಾನಿ. ಹದಿನೇಳನೇ ಶತಮಾನದಲ್ಲಿ ರಾಜಧಾನಿಯನ್ನು ಇಕ್ಕೇರಿಯಿಂದ ಅಲ್ಲಿಗೆ ತಂದರು. ಘಟ್ಟದ ಅಂಚಿನ ಆ ಮಳೆಕಾಡಿಗೆ ಯಾಕೆ? ಮೆಣಸು, ಅಡಿಕೆ ಎಲ್ಲ ಕುಂದಾಪುರದ ಕಡೆಯ ಬಂದರಿಗೆ ಇಳಿಯುತ್ತಿದ್ದದ್ದು ಹೊಸಂಗಡಿಯ ಘಾಟಿಯಲ್ಲಿ. ಅಂದ್ರೆ ಬಿದನೂರು ಕೂಡ ಘಾಟಿಯನ್ನು ಕಾದು ಬದುಕಿದ ಊರೇ. ಪಾಲಕ್ಕಾಡಿನ ದೂರದ ಅಣ್ಣ ಅನ್ನಿ.

ಎರಡೂ ಊರಿಗೆ ಹೈದರ್ ಬಂದ ರೀತಿ ನೋಡಿ. ಬಿದನೂರಿನ ಪಟ್ಟದ ಹಕ್ಕು ನನ್ನದು ಅಂತ ಒಬ್ಬ ಹೈದರನ ಹತ್ತಿರ ಹೋದ. ಅದೇ ನೆಪವಾಗಿ 1763ರಲ್ಲಿ ಹೈದರ್ ಬಂದ, ರಾಣಿ ವೀರಮ್ಮಾಜಿಯಿಂದ ಊರು ಕಿತ್ತುಕೊಂಡ, ಹೈದರನಗರ ಅಂತ ಹೆಸರಿಟ್ಟ. ಅದರ ಬಾಲವೇ ಇವತ್ತಿನ 'ನಗರ'. ಪಾಲಕ್ಕಾಡಿನಲ್ಲೂ ಅದೇ. ಅಲ್ಲಿನ ಅರಸನಿಗೆ ಕಲ್ಲಿಕೋಟೆಯ ಸಾಮೂದಿರಿಯ ಕಾಟ. 1757ರ ಸುಮಾರಿಗೆ ಅವನು ದಿಂಡಿಗಲ್ಲಿನ ಫೌಜುದಾರನಾಗಿದ್ದ ಹೈದರನಿಗೆ ಹೇಳಿ ಕಳಿಸಿದ. ಹೈದರನ ಭಾವಮೈದ ಮಖ್ದೂಮ್ ಅಲಿ ದಂಡು ತಗೊಂಡು ಕಂಡಿಯ ಮೂಲಕ ಬಂದ. ಸಾಮೂದಿರಿ 12 ಲಕ್ಷ ರೂಪಾಯಿ ಕೊಡ್ತೀನಿ ಅಂತ ಒಪ್ಪಿ ಕೈತೊಳೆದುಕೊಂಡ. ದುಡ್ಡು ಬರಲಿಲ್ಲ. ಬಿದನೂರು ಕೈಸೇರಿ ಕರಾವಳಿಗೆ ಇಳಿಯೋ ದಾರಿ ಸಿಕ್ಕ ಮೇಲೆ, 1766ರಲ್ಲಿ, ಆ ಬಾಕಿಯನ್ನು ಮುಂದಿಟ್ಟುಕೊಂಡು ಹೈದರ್ ಮಂಗಳೂರು ಕಡೆಯಿಂದ ಮಲಬಾರಿನ ಮೇಲೆ ಹೋದ. ಸಾಮೂದಿರಿ ತನ್ನ ಅರಮನೆಗೆ ತಾನೇ ಬೆಂಕಿಯಿಟ್ಟುಕೊಂಡು ಸತ್ತ. ಹೈದರ್ ಪಾಲಕ್ಕಾಡಿನಲ್ಲಿ ಕೋಟೆ ಎಬ್ಬಿಸಿದ. ಮೈಸೂರಿನಿಂದ ಮಲಬಾರಿಗೆ ಹೋಗಿಬರೋಕೆ ಆ ಕಂಡಿ ಅವನಿಗೆ ಬೇಕೇ ಬೇಕಿತ್ತು.

ಕರೆದವರು ಒಳಗಿನವರೇ. ಎರಡೂ ಕಡೆ. ಬಾಗಿಲು ಅಗಲವಿದ್ದರೂ ಅಷ್ಟೆ, ಕಿರಿದಿದ್ದರೂ ಅಷ್ಟೆ.

1783 ಇನ್ನೂ ವಿಚಿತ್ರ. ಆ ವರ್ಷದ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸ್‌ನ ಇಂಗ್ಲಿಷ್ ಪಡೆ ಕುಂದಾಪುರದಿಂದ ಹೊಸಂಗಡಿ ಘಾಟಿ ಹತ್ತಿತು. ತಿರುವು ತಿರುವಿಗೂ ಕಾವಲಿತ್ತು. ಆದರೂ ಹತ್ತಿತು. ಬಿದನೂರು ಬಿಟ್ಟುಕೊಟ್ಟ ಅಧಿಕಾರಿ ಅಯಾಜ್, ಹುಟ್ಟಿನಿಂದ ಮಲಬಾರಿನವನು. ಹೈದರನಿಗೆ ಸೆರೆಸಿಕ್ಕು, ಅವನ ನೆಚ್ಚಿನ ಬಂಟನಾಗಿ ಬೆಳೆದವನು. ಕೆಲವೇ ತಿಂಗಳಲ್ಲಿ ಟಿಪ್ಪು ಊರು ವಾಪಸ್ ತಗೊಂಡ. ಅದೇ ವರ್ಷದ ನವೆಂಬರಿನಲ್ಲಿ ಕರ್ನಲ್ ಫುಲ್ಲರ್ಟನ್ ಪಾಲಕ್ಕಾಡ್ ಕೋಟೆ ಹಿಡಿದ. ಕೋಟೆ ಮತ್ತೆ ಟಿಪ್ಪುವಿನ ಕೈಗೆ ಬಂತು. 1790ರ ಸೆಪ್ಟೆಂಬರಿನಲ್ಲಿ ಕರ್ನಲ್ ಸ್ಟುವರ್ಟ್ ಹಿಡಿದ ಮೇಲೆ ಮಾತ್ರ ಅದು ಮೈಸೂರಿಗೆ ಮರಳಲಿಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಮಲಬಾರೇ ಕಂಪನಿಗೆ ಹೋಯಿತು.

ಹದಿನೆಂಟನೇ ಶತಮಾನದ ಕೊನೆಗೆ ಈ ಎರಡು ಊರು ಹೆಚ್ಚುಕಡಿಮೆ ಒಂದೇ ಥರ ಇದ್ದವು. ಏಟು ತಿಂದ ಕೋಟೆ, ಪಕ್ಕದಲ್ಲಿ ಒಂದು ಘಾಟಿ. ಇವತ್ತು? ಪಾಲಕ್ಕಾಡಿನಲ್ಲಿ ರೈಲ್ವೆ ವಿಭಾಗದ ಕಚೇರಿ, ಕಂಜಿಕ್ಕೋಡಿನಲ್ಲಿ ಕೈಗಾರಿಕೆ, 2015ರಿಂದ ಒಂದು ಐಐಟಿ. ನಗರದಲ್ಲಿ ಒಂದು ಬಸ್‌ಸ್ಟ್ಯಾಂಡು, ನಾಲ್ಕು ಹೋಟೆಲು, ಮತ್ತು ಭಾನುವಾರ ಸೆಲ್ಫಿ ತೆಗೆಯೋಕೆ ಬರುವ ಜನ.

ಯಾಕೆ ಹೀಗೆ? ರಾಜಧಾನಿಯ ಪಟ್ಟ ಹೋಯಿತು ಅನ್ನೋದು ಒಂದು ಉತ್ತರ, ನಿಜ ಕೂಡ. ಆದರೆ ಪೂರ್ತಿ ಉತ್ತರ ಅಲ್ಲ ಅನ್ನಿಸುತ್ತೆ. ಸರಕು ಎತ್ತಿನ ಬೆನ್ನಿನ ಮೇಲೆ ಇರುವ ತನಕ ಹುಲಿಕಲ್ಲಿಗೂ ಪಾಲಕ್ಕಾಡಿಗೂ ಅಂಥಾ ವ್ಯತ್ಯಾಸವಿರಲಿಲ್ಲ. ಹೇರೆತ್ತು ಕಡಿದಾದ ದಾರಿಯನ್ನೂ ಹತ್ತುತ್ತೆ. ಸರಕು ಗಾಲಿಯ ಮೇಲೆ, ಅದರಲ್ಲೂ ಹಳಿಯ ಮೇಲೆ ಬಂದ ದಿನ ಎಲ್ಲ ಬದಲಾಯಿತು. ರೈಲಿಗೆ ಸಮತಟ್ಟು ಬೇಕು. 1862ರಲ್ಲೇ ಮದ್ರಾಸಿನಿಂದ ಪಾಲಕ್ಕಾಡ್ ಕಂಡಿಯ ಮೂಲಕ ಪಶ್ಚಿಮ ಕರಾವಳಿಯ ಬೇಪೂರಿಗೆ ಹಳಿ ಮುಟ್ಟಿತು. ಸುಮಾರು ಅದೇ ಹೊತ್ತಿಗೆ ಮುಂಬೈ ಮೇಲ್ಗಡೆಯ ಭೋರ್ ಘಾಟಿನಲ್ಲಿ ಹಳಿ ಹಾಕೋಕೆ ಸಾವಿರಾರು ಕೂಲಿಯವರು ಪ್ರಾಣ ಕಳೆದುಕೊಂಡಿದ್ದರು. ನಮ್ಮ ಹಾಸನ-ಮಂಗಳೂರು ಹಳಿ ಮುಗಿಯೋಕೆ 1979 ಆಗಬೇಕಾಯ್ತು, ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನ ನಡುವೆ 57 ಸುರಂಗ ಕೊರೆದು. ಲೆಕ್ಕ ಹಾಕಿ: 117 ವರ್ಷ. ಮಂಗಳೂರು ಸೆಂಟ್ರಲ್ ಸ್ಟೇಷನ್ ದಶಕಗಳ ಕಾಲ ಪಾಲಕ್ಕಾಡ್ ವಿಭಾಗದ ಕೈಕೆಳಗೆ ಇತ್ತು ಅಂತ ನಾವು ಕರಾವಳಿ-ಮಲೆನಾಡಿನವರು ಗೊಣಗಾಡೋದುಂಟು. ಆ ಗೊಣಗಾಟದ ಬೇರು ಕೂಡ ಈ ಕಂಡಿಯಲ್ಲೇ ಇದೆ. ಮದ್ರಾಸಿನ ಹಳಿ ಘಟ್ಟ ದಾಟಿದ್ದು ಅಲ್ಲಿ. ಅಲ್ಲಿಂದಲೇ ಅದು ಕರಾವಳಿ ಹಿಡಿದು ಮಂಗಳೂರಿಗೆ ಬಂದದ್ದು. ಇನ್ನೊಂದು ತಮಾಷೆ: 90ಕ್ಕೂ ಹೆಚ್ಚು ಸುರಂಗಗಳ ಕೊಂಕಣ ರೈಲ್ವೆಯನ್ನು ಮುಂದೆ ನಿಂತು ಕಟ್ಟಿಸಿದ ಇ. ಶ್ರೀಧರನ್ ಪಾಲಕ್ಕಾಡ್ ಜಿಲ್ಲೆಯವರು.

ಇಲ್ಲಿಗೆ ಬರೋವಾಗ ನನಗೆ ಒಂದು ರಾತ್ರಿ ನೆನಪಾಗುತ್ತೆ. ನಾನಾಗ ಪಿಯುಸಿ. ಜುಲೈ ತಿಂಗಳು. ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಸುರಿಯೋ ಜಾಗಗಳಲ್ಲಿ ಹುಲಿಕಲ್ಲೂ ಒಂದು, ಹಾಗಾಗಿ ಆ ಮಳೆಯನ್ನು ನಾನು ವರ್ಣಿಸಬೇಕಿಲ್ಲ. ದೊಡ್ಡಪ್ಪನಿಗೆ ಎದೆನೋವು ಬಂತು. ದೊಡ್ಡ ಆಸ್ಪತ್ರೆ ಇರೋದು ಘಟ್ಟದ ಕೆಳಗೆ. ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಹೊರಟೆವು. ಚಂಡಿಕಾಂಬ ದೇವಸ್ಥಾನದ ಹತ್ತಿರ ಎದುರಿಂದ ಬಂದ ಲಾರಿಯವರು ಕೈ ಅಡ್ಡ ಮಾಡಿದರು. ಕೆಳಗೆ ಧರೆ ಕುಸಿದಿದೆ, ಮರ ಬಿದ್ದಿದೆ, ಘಾಟಿ ಬಂದ್. ತಿರುಗಿಸಿಕೊಂಡು ಕೊಲ್ಲೂರಿನ ಮೇಲೆ ಸುತ್ತು ಹಾಕಿ ಹೊರಟೆವು. ಅಪ್ಪಯ್ಯ ದಾರಿಯುದ್ದಕ್ಕೂ "ಬಂತು, ಇನ್ನೆಂತ, ಬಂತು" ಅಂತ ಹೇಳ್ತಾನೇ ಇದ್ದರು. ಆಸ್ಪತ್ರೆ ಬರೋದಕ್ಕೆ ಮುಂಚೆಯೇ ದೊಡ್ಡಪ್ಪ ಹೋಗಿದ್ದರು.

ನಮ್ಮನೆಯಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ. "ಘಾಟಿ ಬಂದ್ ಆಯ್ತು" ಅಂದರು, ಅಷ್ಟೆ. ಮಳೆ ಬಂತು ಅನ್ನೋ ಹಾಗೆ.

ಪಾಲಕ್ಕಾಡ್ ಕೋಟೆಯ ಕಂದಕದ ದಂಡೆಯಲ್ಲಿ ಕೂತಾಗ ಇದು ಹೊಳೆಯಿತು. ನಮ್ಮ ಘಾಟಿ ಹೈದರನನ್ನು ತಡೆಯಲಿಲ್ಲ, ಅವನು ಬಯಲುಸೀಮೆ ಕಡೆಯಿಂದ ಬಂದ. ಮ್ಯಾಥ್ಯೂಸನನ್ನು ತಡೆಯಬೇಕಿತ್ತು, ತಡೆಯಲಿಲ್ಲ. ಸೈನ್ಯ ಹೇಗಾದರೂ ಹತ್ತುತ್ತೆ. ಅದು ತಡೆದಿದ್ದು ನಮ್ಮ ಜೀಪನ್ನು. ಗೋಡೆ ನಮ್ಮನ್ನು ಕಾಯುತ್ತೆ ಅಂತ ಶಾಲೆಯಲ್ಲಿ ಪ್ರಬಂಧ ಬರೆದವನು ನಾನು.

ಹಾಗಾದರೆ ಕಂಡಿಯೇ ಒಳ್ಳೆಯದು ಅಂತ ತೀರ್ಮಾನ ಮಾಡಿ ಬೆಂಗಳೂರಿಗೆ ವಾಪಸ್ ಬಂದಿದ್ದರೆ ಈ ಬರಹ ಇಲ್ಲಿಗೇ ಮುಗೀತಿತ್ತು. ಆದರೆ ಮದುವೆಮನೆಯಲ್ಲಿ ಸಿಕ್ಕ ಹಕ್ಕಿ ನೋಡುವ ಹುಚ್ಚಿನ ಹುಡುಗಿಯೊಬ್ಬಳು ಹೇಳಿದ್ದು ಬೇರೆಯೇ. ಎತ್ತರದ ಶೋಲಾ ಕಾಡುಗಳಲ್ಲಿ ಶೋಲಕಿಳಿ ಅಂತ ಪುಟ್ಟ ನೀಲಿ ಹಕ್ಕಿ ಇದೆ. ಕಂಡಿಯ ಉತ್ತರಕ್ಕೆ ನೀಲಗಿರಿಯಲ್ಲಿ ಇರೋದು ಒಂದು ಪ್ರಭೇದ, ದಕ್ಷಿಣಕ್ಕೆ ಆನೈಮಲೈ, ಪಳನಿಯಲ್ಲಿ ಇರೋದು ಇನ್ನೊಂದು. ನಡುವಿನ ಬಿಸಿ ಬಯಲನ್ನು ಅವು ದಾಟಲ್ಲ. ಒಂದೇ ಮನೆತನ ಬೇರೆ ಬೇರೆಯಾಗಿ ಲಕ್ಷಾಂತರ ವರ್ಷ ಆಗಿದೆ. ನಮಗೆ ಬಾಗಿಲಾದದ್ದು ಆ ಹಕ್ಕಿಗೆ ಗೋಡೆ.

ಆನೆಗಳ ಕಥೆ ಇನ್ನೂ ಕಷ್ಟದ್ದು. ಮನುಷ್ಯ ಕಂಡಿಯಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಹೋಗ್ತಾನೆ. ಆನೆ ಬೆಟ್ಟದ ಬುಡದಿಂದ ನೀರಿಗೆ, ಮೇವಿಗೆ ಆ ದಾರಿಯನ್ನು ಅಡ್ಡ ದಾಟಬೇಕು. ನಾನು ನಿಂಬೆಹಣ್ಣು ಹಿಡಿದು ಕೂತು ನೋಡಿದ್ದೆನಲ್ಲ, ವಾಳಯಾರಿನ ಒಂದಿಷ್ಟು ಕಾಡು? ಅಲ್ಲಿಂದ ಕಂಜಿಕ್ಕೋಡಿನ ತನಕದ ಹಳಿಯ ಮೇಲೆ ರಾತ್ರಿ ರೈಲಿಗೆ ಸಿಕ್ಕಿ ಆನೆಗಳು ಮತ್ತೆ ಮತ್ತೆ ಸತ್ತಿವೆ. 1862ರಲ್ಲಿ ಸುಲಭವಾಗಿ ಹಾಕಿದ ಹಳಿ ಅದು. ನಮಗೆ ಸುಲಭವಾಗಿತ್ತು.

ಊರಿಗೆ ಫೋನ್ ಮಾಡಿ ಇದನ್ನೆಲ್ಲ ಅಪ್ಪಯ್ಯನಿಗೆ ಹೇಳಿದೆ. ತಿರುವೇ ಇಲ್ಲ ಅಂದಿದ್ದನ್ನು ಅವರು ನಂಬಲಿಲ್ಲ. ಆಮೇಲೆ ಆನೆ ವಿಷಯ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗ ನಿಂಗೆ ಎಂತ ಬೇಕು ಮಾರಾಯ? ರಸ್ತೆಯೋ, ಕಾಡೋ?" ಅಂದರು.

ಅವರು ಸುಮ್ಮನೆ ಕೇಳಿದ್ದಲ್ಲ. ನಮ್ಮೂರಿನ ವಾಟ್ಸಾಪ್ ಗ್ರೂಪಿನಲ್ಲಿ ಆ ವಾರ ಘಾಟಿ ರಸ್ತೆ ಅಗಲ ಮಾಡಬೇಕು ಅನ್ನೋ ಮನವಿಗೆ ಸಹಿ ಹಾಕಿಸ್ತಿದ್ದರು. ನನ್ನ ಹೆಸರೂ ಬೇಕು ಅಂತ ಮೂರು ಸಲ ಟ್ಯಾಗ್ ಮಾಡಿದ್ದರು. ದೊಡ್ಡಪ್ಪನ ಮಗ ಮೊದಲನೇ ಸಹಿ ಹಾಕಿದ್ದ. ಅವನು ಹಾಕಿದ ಮೇಲೆ ನಾನು ಬೇಡ ಅನ್ನೋದು ಹೇಗೆ? ಹೂಂ ಅನ್ನೋಕೆ ಹೋದರೆ ಕಂಜಿಕ್ಕೋಡಿನ ಹಳಿ ಕಣ್ಣಿಗೆ ಬರುತ್ತೆ.

ಎರಡು ದಿನ ಯೋಚಿಸಿ ಗ್ರೂಪಿನಲ್ಲಿ ಬರೆದೆ. ನಮ್ಮ ಮನವಿಯಲ್ಲಿ ಮೊದಲ ಬೇಡಿಕೆ ಅಗಲದ್ದು ಬೇಡ. ಮಳೆಗಾಲದ ನಾಲ್ಕು ತಿಂಗಳು ಘಾಟಿಯ ಮೇಲೊಂದು, ಕೆಳಗೊಂದು ಜೆಸಿಬಿ ಹಗಲೂ ರಾತ್ರಿ ನಿಂತಿರಲಿ. ಧರೆಗಳಿಗೆ ಸರಿಯಾದ ತಡೆಗೋಡೆ, ನೀರು ಹರಿಯೋಕೆ ಚರಂಡಿ ಆಗಲಿ. ಎದೆನೋವಿಗೆ ಮೊದಲ ಚಿಕಿತ್ಸೆ ಘಟ್ಟದ ಮೇಲೆಯೇ ಸಿಗಲಿ. ಅಗಲದ ಮಾತು ಇದಾದ ಮೇಲೆ.

ಎಂಟು ಜನ ಥಂಬ್ಸ್ ಅಪ್ ಹಾಕಿದರು. ಒಬ್ಬರು, "ಬೆಂಗಳೂರಲ್ಲಿ ಕೂತವರಿಗೆ ಕಾಡು ಚೆಂದವೇ" ಅಂತ ಬರೆದರು. ಅದಕ್ಕೆ ಉತ್ತರ ಟೈಪ್ ಮಾಡಿ ಅಳಿಸಿದೆ. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ದೊಡ್ಡಪ್ಪನ ಮಗ ಮಾತ್ರ ರಾತ್ರಿ ಹನ್ನೊಂದಕ್ಕೆ ಪರ್ಸನಲ್ ಆಗಿ ಮೆಸೇಜು ಹಾಕಿದ: "ಜೆಸಿಬಿ ವಿಷಯ ಒಂದನೇ ನಂಬರಿಗೆ ಹಾಕ್ತೀನಿ. ಕರಡು ಕಳಿಸು."

ಕಳಿಸಿದ್ದೇನೆ. ಜೂನ್ ಬರೋದಕ್ಕೆ ಇನ್ನು ಎರಡೂವರೆ ತಿಂಗಳಿದೆ.